ಕೆಲಸಕ್ಕೆ ಅಡ್ಡಿಯಾಯಿತೇ ಎಂದು ಕೇಳಿದರು

ಹೋದ ತಿಂಗಳು ಕೊಳ್ಳೇಗಾಲದ ನಮ್ಮ ಮನೆಗೆ ಸುಮಾ ಬಂದಿದ್ದಳು. ನನ್ನ ಜೊತೆ ಕೆಲಸ ಮಾಡಿದ ಟೀಚರೊಬ್ಬರ ಮಗಳು. ಯಳಂದೂರು ತಾಲ್ಲೂಕಿನ ಹೊನ್ನೂರು ಕಡೆಯ ಶಾಲೆಯೊಂದರಲ್ಲಿ ಅವಳೂ ಟೀಚರ್ ಆಗಿ ಎರಡು ವರ್ಷವಾಗಿದೆ. ಕೈಯಲ್ಲಿ ಹೊಸ ಆದೇಶದ ಪ್ರತಿ ಹಿಡಿದಿದ್ದಳು. ಅವಳನ್ನು ಬಿ.ಎಲ್.ಒ. ಮಾಡಿದ್ದರು. ಬಿ.ಎಲ್.ಒ. ಎಂದರೆ ಮತಗಟ್ಟೆ ಮಟ್ಟದ ಅಧಿಕಾರಿ. ಅಧಿಕಾರಿ ಎನ್ನುವುದು ಹೆಸರಿನಲ್ಲಿ ಮಾತ್ರ. ಸತ್ತವರು ಯಾರು, ಮದುವೆಯಾಗಿ ಹೋದವರು ಯಾರು, ಹದಿನೆಂಟು ತುಂಬಿದವರು ಯಾರು ಎಂದು ಮನೆಮನೆಗೆ ನಡೆದು ಬರೆದುಕೊಂಡು ಮತದಾರರ ಪಟ್ಟಿಯನ್ನು ಸರಿಯಾಗಿಡುವುದು ಕೆಲಸ.

"ಆಂಟಿ, ಯಾರಾದ್ರೂ ಬೈದ್ರೆ, ಮೇಲೆ ಬಿದ್ರೆ, ನಮಗೆ ಕಾನೂನು ಇದ್ಯಾ?" ಎಂದು ಕೇಳಿದಳು.

"ಇದೆ" ಎಂದೆ. ಕಾಫಿ ಲೋಟ ಅವಳ ಮುಂದಿಟ್ಟು, "ಇದೆ ಅಂತ ಹೇಳ್ತಾರೆ" ಎಂದೆ.

ಅವಳು ಕಾಫಿ ಕುಡಿದು ಹೋದಳು. ಮೂವತ್ತೈದು ವರ್ಷ ಮಕ್ಕಳ ಉತ್ತರಗಳಿಗೆ ಅಂಕ ಹಾಕಿದವಳು ನಾನು. ಆ ಉತ್ತರಕ್ಕೆ ನಾನೇ ಸೊನ್ನೆ ಹಾಕುತ್ತಿದ್ದೆ. ಅದಕ್ಕೇ ನನಗೆ ಆದದ್ದನ್ನು ಆದ ಹಾಗೆ ಬರೆದಿಡುತ್ತೇನೆ. ಎಲ್ಲವೂ ನನಗೆ ಅರ್ಥವಾಗಿದೆ ಎಂದು ಯಾರೂ ತಿಳಿಯಬಾರದು. ಊರಿನ ಹೆಸರು, ಕಚೇರಿಗಳ ಹೆಸರು ಕೆಲವು ಕಡೆ ಬರೆಯುವುದಿಲ್ಲ. ಅಲ್ಲಿನವರು ಇನ್ನೂ ಅಲ್ಲೇ ಬದುಕಬೇಕು.

ನನ್ನ ಮೊದಲ ಚುನಾವಣಾ ಕೆಲಸ ಯಳಂದೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಬೆರಳಿಗೆ ಮಸಿ ಹಚ್ಚುವ ಅಧಿಕಾರಿ. ಮತಗಟ್ಟೆಯ ಯಜಮಾನಿಕೆ ಸಿದ್ದರಾಜು ಮೇಷ್ಟ್ರದ್ದು. ನಿವೃತ್ತಿಗೆ ಹತ್ತಿರ ಬಂದಿದ್ದ, ದಪ್ಪ ಕನ್ನಡಕದ, ಕೈಪಿಡಿಯನ್ನು ದೇವರ ಪಟದ ಹಾಗೆ ಬಟ್ಟೆಯಲ್ಲಿ ಸುತ್ತಿಟ್ಟುಕೊಂಡಿದ್ದ ಮನುಷ್ಯ. ಶಾಲೆಯ ಸುತ್ತ ನೂರು ಮೀಟರಿಗೆ ಸುಣ್ಣದ ಗೆರೆ ಎಳೆಸಿ ನನ್ನನ್ನು ಕರೆದು ಹೇಳಿದರು:

"ನೋಡವ್ವಾ, ಈ ಗೆರೆ ಒಳಗೆ ನಾವೇ ಸರ್ಕಾರ. ಗೆರೆ ದಾಟಿ ಆಚೆಗೋದ್ರೆ ನಾನು ಸಿದ್ದರಾಜು, ನೀನು ರಾಜಮ್ಮಣ್ಣಿ. ತಿಳೀತಾ?"

ಮಧ್ಯಾಹ್ನದ ಹೊತ್ತಿಗೆ ಅಭ್ಯರ್ಥಿಯೊಬ್ಬರ ಏಜೆಂಟು ಜಗಳ ತೆಗೆದ. ಅವನ ಕಡೆಯ ಒಬ್ಬಾಕೆಯ ಬೆರಳನ್ನು ನಾನು ಎರಡು ಸಲ ನೋಡಿದೆನೆಂದು ಸಿಟ್ಟು. ಮೇಜು ಗುದ್ದಿದ ರಭಸಕ್ಕೆ ಮಸಿಯ ಬಾಟಲಿ ಉರುಳಿ ನನ್ನ ಸೀರೆಯ ಮೇಲೆ ಚೆಲ್ಲಿತು. ಮೇಷ್ಟ್ರು ನಿಧಾನವಾಗಿ ಬಟ್ಟೆ ಬಿಚ್ಚಿ, ಕೈಪಿಡಿ ತೆಗೆದು, ನಿಂತುಕೊಂಡೇ ಒಂದು ಪುಟ ಗಟ್ಟಿಯಾಗಿ ಓದಿದರು. ಮತಗಟ್ಟೆಯಲ್ಲಿ ಅನುಚಿತವಾಗಿ ನಡೆದವರನ್ನು ಹೊರಗೆ ಕಳಿಸುವ ಅಧಿಕಾರ ತಮಗಿದೆ ಎಂಬ ಭಾಗ ಅದು.

"ಅದೇನ್ ಸಾ ಓದ್ತಾ ಇದ್ದೀರಿ, ನಮ್ಗೆ ತಿಳಿಯಂಗೆ ಏಳಿ" ಎಂದ ಏಜೆಂಟು.

"ಆಚೆಗೆ ನಡಿ ಅಂತ ಬರದದೆ" ಎಂದರು ಮೇಷ್ಟ್ರು.

ಅವನು ನಿಜವಾಗಿಯೂ ನಡೆದುಬಿಟ್ಟ. ಸಂಜೆ ನಾವು ಮತಪೆಟ್ಟಿಗೆಗೆ ಮೊಹರು ಹಾಕಿ ಹೊರಗೆ ಬಂದಾಗ ಗೆರೆಯಾಚೆ ಐದು ಎಳನೀರು ಇಟ್ಟುಕೊಂಡು ಕೂತಿದ್ದ. "ಒಳಗೆ ತಂದ್ರೆ ತಪ್ಪು ಅಂತೀರಿ, ಅದ್ಕೆ ಇಲ್ಲೇ ಇಟ್ಕಂಡು ಕುಂತಿವ್ನಿ. ತಪ್ಪಾಯ್ತು ಕಣಕ್ಕಾ" ಎಂದು ನನ್ನ ಕಡೆ ನೋಡಿದ. ಕುಡಿಯಬಹುದೋ ಬಾರದೋ ಎಂದು ನಾನು ಮೇಷ್ಟ್ರ ಮುಖ ನೋಡಿದೆ. ಅವರು ಕೈಪಿಡಿಯ ಕಡೆ ನೋಡಿದರು. ಕೊನೆಗೆ, "ಇದರ ವಿಚಾರ ಇದರಲ್ಲಿಲ್ಲ" ಎಂದು ಒಂದನ್ನು ಎತ್ತಿಕೊಂಡರು.

ಕಾನೂನೆಂದರೆ ಹೀಗೆ ಎಂದು ನಾನು ಬಹಳ ವರ್ಷ ನಂಬಿದ್ದೆ. ಓದಿದರೆ ಸಾಕು, ಎದುರಿನವನು ನಡೆದುಬಿಡುತ್ತಾನೆ.

ಆಮೇಲೆ ಹನೂರು ತಾಲ್ಲೂಕಿನ ಶಾಲೆಗೆ ವರ್ಗವಾಯಿತು. ಲೊಕ್ಕನಹಳ್ಳಿ ದಾರಿಯಲ್ಲಿ, ಕಾಡಿಗೆ ಹತ್ತಿರದ ಊರು. ಅಲ್ಲಿ ನನ್ನನ್ನು ಬಿ.ಎಲ್.ಒ. ಮಾಡಿದರು. ಆಗ ಎಲ್ಲವೂ ಕಾಗದದಲ್ಲಿ. ಪೆನ್ಸಿಲಿನಲ್ಲಿ ಗುರುತು ಹಾಕಿ, ಮೇಲಿನವರು ನೋಡಿದ ಮೇಲೆ ಪೆನ್ನಿನಲ್ಲಿ ತಿದ್ದುತ್ತಿದ್ದೆವು. ಆಮೇಲೆ ಫೋನಿನಲ್ಲಿ ಆ್ಯಪ್ ಬಂತು. ಮನೆಯ ಮುಂದೆ ನಿಂತು ಫೋಟೊ ತೆಗೆದು ಕಳಿಸಬೇಕಿತ್ತು. ಆ ಊರಲ್ಲಿ ಸಿಗ್ನಲ್ ಸಿಗುತ್ತಿದ್ದುದು ನೀರಿನ ಟ್ಯಾಂಕಿನ ಹತ್ತಿರ ಮಾತ್ರ. ಹಾಗಾಗಿ ಎಲ್ಲರ ಮನೆಯೂ ಟ್ಯಾಂಕಿನ ಪಕ್ಕದಲ್ಲೇ ಇರುವಂತೆ ಆ್ಯಪ್ ತೋರಿಸುತ್ತಿತ್ತು. ಅದಕ್ಕೂ ಒಂದು ಸಲ ಕಾರಣ ಕೇಳಿದ್ದರು.

ಮೊದಲ ವರ್ಷವೇ ಒಂದು ದೊಡ್ಡ ತಪ್ಪು ಮಾಡಿದೆ. ಆ ಊರಿನಲ್ಲಿ ಮಾದನ ಮಗ ಸಿದ್ದಮಾದ ಎಂಬುವರು ಇಬ್ಬರಿದ್ದರು. ಸತ್ತವನ ಬದಲು ಬದುಕಿದ್ದವನ ಹೆಸರನ್ನು ತೆಗೆಸಿಬಿಟ್ಟೆ. ಮತದಾನದ ಮಾರನೆಯ ದಿನ ಅವನು ತರಗತಿಯ ಬಾಗಿಲಲ್ಲಿ ಬಂದು ನಿಂತ.

"ಟೀಚರಮ್ಮಾ, ನಾ ಯಾವಾಗ ಸತ್ತೋದೆ?"

ಮಕ್ಕಳೆಲ್ಲ ನಕ್ಕರು. ನಾನು ಕೈಮುಗಿದು ಹೊಸ ಅರ್ಜಿ ಬರೆದುಕೊಟ್ಟೆ. ಸಹಿ ಹಾಕುತ್ತ, "ಓಗ್ಲಿ ಬುಡಿ, ಸಾಯಿಸ್ದೋರು ಒಂದ್ ತಿಥಿ ಊಟನಾದ್ರೂ ಆಕ್ಸಬೇಕಿತ್ತು" ಎಂದ. ಅವನು ನಕ್ಕುಕೊಂಡೇ ಹೋದ, ಆದರೆ ನನಗೆ ಬಹಳ ದಿನ ನಿದ್ದೆ ಸರಿಯಾಗಲಿಲ್ಲ. ಒಬ್ಬ ಮನುಷ್ಯನ ವೋಟನ್ನು ನನ್ನ ಪೆನ್ನು ತಿಂದುಹಾಕಿತ್ತು. ಅಂದಿನಿಂದ ಯಾರದೇ ಹೆಸರು ತೆಗೆಯುವ ಮೊದಲು ಮನೆಯ ಮುಂದೆ ನಿಂತು ವಿಚಾರಿಸದೆ ಬರೆಯಬಾರದು ಎಂದು ತೀರ್ಮಾನಿಸಿದೆ. ಮುಂದಿನ ಕಥೆಗೆ ಆ ತೀರ್ಮಾನವೇ ಕಾರಣ.

ನನ್ನ ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದಾಗ, ಚಳಿಗಾಲದ ಪಟ್ಟಿ ಪರಿಷ್ಕರಣೆಯ ಸಮಯದಲ್ಲಿ, ಶಿವಮಲ್ಲು ಎಂಬ ಆ ಊರಿನವನು ಮೂವತ್ನಾಲ್ಕು ಅರ್ಜಿಗಳನ್ನು ಒಟ್ಟಿಗೆ ಕೊಟ್ಟ. ಎಲ್ಲವೂ ಏಳನೇ ನಮೂನೆ, ಎಂದರೆ ಹೆಸರು ತೆಗೆಯುವ ಅರ್ಜಿ. ಮೂವತ್ನಾಲ್ಕು ಜನವೂ ಕೆಳಗಲ ಬೀದಿಯವರು. ಎಲ್ಲದರಲ್ಲೂ ಒಂದೇ ಕಾರಣ: ಊರು ಬಿಟ್ಟು ಹೋಗಿದ್ದಾರೆ. ಶಿವಮಲ್ಲು ಗೊಬ್ಬರದ ಅಂಗಡಿ ಇಟ್ಟಿದ್ದ. ಹಿಂದೆ ಪಂಚಾಯಿತಿ ಮೆಂಬರಾಗಿದ್ದವನು, ಕಳೆದ ಸಲ ಸೋತಿದ್ದ. ಕೆಳಗಲ ಬೀದಿಯವರು ವೋಟು ಹಾಕಲಿಲ್ಲ ಎಂಬ ಸಿಟ್ಟು ಅವನಿಗೆ. ಕೆಟ್ಟ ಮನುಷ್ಯನೆಂದು ಅದುವರೆಗೆ ನನಗೆ ಅನ್ನಿಸಿರಲಿಲ್ಲ. ಶಾಲೆಯ ಕಾಂಪೌಂಡಿಗೆ ಸಿಮೆಂಟು ಕೊಡಿಸಿದವನೇ ಅವನು.

ಆ ಬೀದಿಗೆ ಹೋದರೆ ಬಾಗಿಲು ಬಾಗಿಲಿಗೂ ಬೀಗ. ಪಟ್ಟಿ ತಿದ್ದಲೆಂದೇ ಆಯೋಗ ಗೊತ್ತು ಮಾಡಿದ ವಿಶೇಷ ಅಭಿಯಾನದ ಭಾನುವಾರ ಹೋದಾಗಲೂ ಬೀಗ. ಒಂದು ವಾರದೊಳಗೆ ವರದಿ ಕೊಡಬೇಕೆಂದು ಕಚೇರಿಯಿಂದ ಫೋನು. ಹಾಗಾಗಿ ಮುಂದಿನ ಭಾನುವಾರ ಮತ್ತೆ ಹೋದೆ. ಬೀದಿಯ ಕೊನೆಯಲ್ಲಿ ಕೆಂಪಮ್ಮಜ್ಜಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಆ ಬೀದಿಯಲ್ಲಿ ಉಳಿದಿದ್ದ ಒಬ್ಬಳೇ ಹಿರಿಯಳು.

"ಎಲ್ಲಾ ಎಲ್ಲಿಗೆ ಹೋದ್ರಜ್ಜಿ?"

"ಕೊಡಗ್ಗೆ ಕಣವ್ವಾ, ಕಾಪಿ ಕೊಯ್ಯಕ್ಕೆ. ಶಿವರಾತ್ರಿ ಒತ್ಗೆ ಬತ್ತಾರೆ."

"ಖಂಡಿತಾ ಬರ್ತಾರಾ? ಊರು ಬಿಟ್ಟೇ ಹೋದ್ರು ಅಂತ ಅರ್ಜಿ ಬಂದಿದೆ."

ಅಜ್ಜಿ ಎದ್ದು ನನ್ನನ್ನು ಒಳಗೆ ಕರೆದುಕೊಂಡು ಹೋದಳು. ಗೋಡೆಯುದ್ದಕ್ಕೂ ಮಡಕೆಗಳು, ಬಟ್ಟೆಯಿಂದ ಬಾಯಿ ಕಟ್ಟಿದ್ದವು. "ನೋಡು, ಬಿತ್ನೆ ರಾಗಿ. ಒಂದೊಂದು ಒಬ್ಬೊಬ್ರದು. ನನ್ ತಾವ ಇಟ್ಟೋಗವ್ರೆ. ಊರು ಬುಟ್ಟೋಗೋರು ಬೀಜ ಬುಟ್ಟೋದಾರಾ?"

ನನಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಜಗಲಿಯಲ್ಲಿ ಕೂತು ಒಂದೊಂದೇ ಅರ್ಜಿ ತೆಗೆದು, ಅಜ್ಜಿ ಹೇಳಿದಂತೆ, 'ತಾತ್ಕಾಲಿಕವಾಗಿ ಕೂಲಿಗೆ ಹೋಗಿದ್ದಾರೆ, ಹೆಸರು ಉಳಿಸಬಹುದು' ಎಂದು ಬರೆಯತೊಡಗಿದೆ. ಇಪ್ಪತ್ತು ಮುಗಿದಿರಬಹುದು, ಶಿವಮಲ್ಲು ಬೈಕಿನಲ್ಲಿ ಬಂದ. ಹಿಂದೆ ಇಬ್ಬರು ಬೇರೆ ಬೈಕಿನಲ್ಲಿದ್ದರು.

"ಏನ್ ಮೇಡಂ, ಬೀಗ ಆಕಿರೋ ಮನೇಲಿ ಜನ ಕಾಣ್ತಾವ್ರಾ ನಿಮ್ಗೆ?"

"ವಿಚಾರಣೆ ಮಾಡ್ತಿದ್ದೀನಿ ಶಿವಮಲ್ಲಣ್ಣ. ಇರೋದನ್ನ ಬರೀತೀನಿ."

"ನಾ ಸುಮ್ಕೆ ಬರ್ಕೊಟ್ಟಿದ್ನಾ ಮೂವತ್ನಾಕು ಅರ್ಜಿಯ? ಯಾರು ಏಳ್ಕೊಟ್ರು ನಿಮ್ಗೆ ಇದ? ಕೊಡಿ ಇಲ್ಲಿ."

ಚೀಲಕ್ಕೆ ಕೈ ಹಾಕಿದ. ನಾನು ಬಿಡಲಿಲ್ಲ. ಎಳೆದ ರಭಸಕ್ಕೆ ಜಗಲಿಯಿಂದ ಕೆಳಗೆ ಮಂಡಿಯೂರಿ ಬಿದ್ದೆ. ಅರ್ಜಿಗಳನ್ನು ನನ್ನ ಕಣ್ಣೆದುರಿಗೇ ಹರಿದ. ರಿಜಿಸ್ಟರು ಕೊಂಡೊಯ್ದ. ಹೋಗುವಾಗ ನನ್ನ ಸ್ಕೂಟರಿನ ಕೀಲಿ ಕಿತ್ತು ಕಳ್ಳಿ ಬೇಲಿಯೊಳಗೆ ಎಸೆದ. "ಎಲೆಕ್ಷನ್ ಆದ್ಮೇಲೂ ಇದೇ ಊರ್ಗೇ ಬರ್ಬೇಕು ಕಣಮ್ಮ ನೀನು" ಎಂದ. ಅಲ್ಲಿಯವರೆಗೆ ಅವನು ನನ್ನನ್ನು ಯಾವತ್ತೂ ಏಕವಚನದಲ್ಲಿ ಕರೆದಿರಲಿಲ್ಲ. ಮಂಡಿಗಿಂತ ಅದೇ ಹೆಚ್ಚು ನೋಯಿತು.

ಅಜ್ಜಿ ನೀರು ಕೊಟ್ಟಳು. ಏನು ಮಾಡಬೇಕೆಂದು ತೋಚಲಿಲ್ಲ. ಆಗ ಮಾಡಿದ ಕೆಲಸವನ್ನು ನಾನು ಧೈರ್ಯದಿಂದ ಮಾಡಿದೆನೋ ಭಯದಿಂದ ಮಾಡಿದೆನೋ ಇವತ್ತಿಗೂ ಗೊತ್ತಿಲ್ಲ. ಸೋಮವಾರ ವರದಿ ಕೊಡದಿದ್ದರೆ ಏನಾಗುತ್ತದೋ ಎಂಬ ಗಾಬರಿ ತಲೆಯಲ್ಲಿತ್ತು. ಅಜ್ಜಿಯ ಮನೆಯ ಗೋಡೆಯಲ್ಲಿದ್ದ ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಕೇಳಿ ತೆಗೆದುಕೊಂಡೆ. ಅವುಗಳ ಬೆನ್ನಿಗೆ ಮೂವತ್ನಾಲ್ಕು ಹೆಸರನ್ನೂ ನೆನಪಿನಿಂದ, ಅಜ್ಜಿಯನ್ನು ಕೇಳಿಕೊಂಡು, ಮತ್ತೆ ಬರೆದೆ. ಕೆಳಗೆ ಅಜ್ಜಿಯ ಹೆಬ್ಬೆಟ್ಟು ಹಾಕಿಸಿದೆ. ಸ್ಕೂಟರನ್ನು ಅಲ್ಲೇ ಬಿಟ್ಟು ಬಸ್ಸಿಗೆ ನಡೆದೆ.

ಮಾರನೆಯ ಬೆಳಗ್ಗೆ ವರದಿ ಕೊಟ್ಟೆ. ಅಷ್ಟರಲ್ಲಿ ಊರಿನ ವಾಟ್ಸಾಪ್ ಗುಂಪಿನಲ್ಲಿ ನನ್ನ ಫೋಟೊ ಬಂದಿತ್ತು. 'ಇವಳು ಯಾರ ಪರ ಕೆಲಸ ಮಾಡ್ತಾ ಇದ್ದಾಳೆ ನೋಡಿ' ಎಂದು ಕೆಳಗೆ ಬರೆದಿತ್ತು. ಗೊತ್ತಿಲ್ಲದ ನಂಬರುಗಳಿಂದ ಕರೆಗಳು. ಕೆಲವರು ಬೈದರು, ಕೆಲವರು ಏನೂ ಮಾತಾಡದೆ ಉಸಿರಾಡಿದರು. ಮೂರು ದಿನ ಫೋನು ಎತ್ತಲಿಲ್ಲ. "ಇನ್ನೆರಡು ವರ್ಷ ತಾನೆ, ಬಿಟ್ಟುಬಿಡು" ಎಂದರು ಮನೆಯವರು. ಬಿಡಬಹುದಿತ್ತು. ಆದರೆ ಕ್ಲಾಸಿನಲ್ಲಿ ಒಂದು ಮಗು ಎದ್ದು ನಿಂತು, "ಮಿಸ್, ನಿಮ್ಮನ್ನ ಜೈಲ್ಗೆ ಆಕ್ತಾರಂತೆ" ಎಂದಿತು. ಅವತ್ತೇ ದೂರು ಕೊಡಲು ಹೊರಟೆ.

ಇಲ್ಲಿಂದ ಮುಂದೆ ನನಗೆ ದಿಕ್ಕು ತಪ್ಪಿತು.

ಮೊದಲು ನನ್ನ ಇಲಾಖೆಯ ಕಚೇರಿಗೆ ಹೋದೆ. ಅಲ್ಲಿಯ ಅಧಿಕಾರಿ ಆದೇಶ ಓದಿ, "ನೀವು ಈ ಕೆಲಸದ ಮಟ್ಟಿಗೆ ಆಯೋಗದ ಡೆಪ್ಯುಟೇಶನ್ ಮೇಲಿದ್ದೀರಿ. ನಮ್ಮ ವ್ಯಾಪ್ತಿಗೆ ಬರಲ್ಲ" ಎಂದರು. ಅದು ನಿಜ. ಮತದಾರರ ಪಟ್ಟಿ ಮಾಡುವವರು ಆ ಕೆಲಸದಲ್ಲಿರುವಷ್ಟು ಕಾಲ ಚುನಾವಣಾ ಆಯೋಗದ ಅಧೀನ ಎಂದು ಕಾನೂನಿನಲ್ಲೇ ಇದೆ. ಇದು ನಮ್ಮ ರಕ್ಷಣೆಗಾಗಿ ಇರುವ ಮಾತು. ನಾವು ಮಾಡಿದ ಕೆಲಸ ಇಷ್ಟವಾಗದವರು ನಮ್ಮ ಇಲಾಖೆಯವರಿಗೆ ಹೇಳಿ ತೊಂದರೆ ಕೊಡಿಸಬಾರದು ಎಂದು.

ಅಲ್ಲಿಂದ ತಾಲ್ಲೂಕು ಕಚೇರಿಯ ಚುನಾವಣಾ ಶಾಖೆಗೆ ಹೋದೆ. ಯಾವ ತಾಲ್ಲೂಕು ಎಂದು ಬೇಡ. ಶಿರಸ್ತೇದಾರರು ಕ್ಯಾಲೆಂಡರ್ ನೋಡಿ ಕೇಳಿದರು:

"ಅದು ಅಭಿಯಾನದ ಭಾನುವಾರವೋ ಸಾದಾ ಭಾನುವಾರವೋ?"

"ಸಾದಾ ಭಾನುವಾರ ಸಾರ್."

"ಹಂಗಾದ್ರೆ ಅವತ್ತು ನಿಮಗೆ ಡ್ಯೂಟಿ ಇತ್ತು ಅಂತ ಹೆಂಗೆ ಹೇಳೋದು?"

"ವಾರದೊಳಗೆ ವರದಿ ಕೊಡಿ ಅಂತ ನೀವೇ ಫೋನ್ ಮಾಡಿದ್ರಿ ಸಾರ್."

"ಫೋನ್ ಮಾಡಿದ್ದೆ. ಭಾನುವಾರ ಹೋಗಿ ಅಂದಿದ್ನಾ?"

ಪೊಲೀಸ್ ಠಾಣೆಯಲ್ಲಿ ಬರೆದುಕೊಳ್ಳುವವರೂ ಅದನ್ನೇ ಕೇಳಿದರು. ಡ್ಯೂಟಿಯಲ್ಲಿದ್ದರೆ ಒಂದು ಸೆಕ್ಷನ್, ಇಲ್ಲದಿದ್ದರೆ ಬೇರೆ ಸೆಕ್ಷನ್. ಕೆಲಸದಲ್ಲಿರುವ ಸರ್ಕಾರಿ ನೌಕರರ ಮೇಲೆ ಬಲಪ್ರಯೋಗ ಮಾಡಿದರೆ ಆಗ ದಂಡಸಂಹಿತೆಯ ಮುನ್ನೂರೈವತ್ಮೂರನೇ ಸೆಕ್ಷನ್. ಈಗ ಹೊಸ ಸಂಹಿತೆ ಬಂದು ಅದೇ ಮಾತು ನೂರ ಮೂವತ್ತೆರಡಾಗಿದೆ, ಹೊಸಬರು ಗುರುತಿಟ್ಟುಕೊಳ್ಳಿ. "ಟೀಚರ್ ಅಂತ ಬಿದ್ರಾ, ಎಲೆಕ್ಷನ್ನೋರು ಅಂತ ಬಿದ್ರಾ, ಇಲ್ಲಾ ಸುಮ್ನೆ ಬಿದ್ರಾ, ಅದು ಗೊತ್ತಾಗ್ಬೇಕು ಮೇಡಂ" ಎಂದರು. ವ್ಯಂಗ್ಯವಲ್ಲ, ಪಾಪ. ಅವರಿಗೂ ಕಾಗದದಲ್ಲಿ ಏನಾದರೂ ಬರೆಯಲೇಬೇಕಿತ್ತು. ಬಸ್ಸಿನಲ್ಲಿ ಮನೆಗೆ ಬರುವಾಗ ನಾನೂ ಅದನ್ನೇ ಯೋಚಿಸುತ್ತಿದ್ದೆ: ಜಗಲಿಯಿಂದ ಬಿದ್ದದ್ದು ಯಾರು?

ವಾರದ ನಂತರ ಮನೆಗೆ ಒಂದು ನೋಟಿಸು ಬಂತು. ಶಿವಮಲ್ಲು ನನ್ನ ಮೇಲೆ ದೂರು ಕೊಟ್ಟಿದ್ದ. ಸ್ಥಳ ಪರಿಶೀಲನೆ ಮಾಡದೆ ಸುಳ್ಳು ವರದಿ ಕೊಟ್ಟಿದ್ದಾರೆ, ಅರ್ಜಿಗಳನ್ನು ಕಳೆದಿದ್ದಾರೆ ಎಂದು. ಪಟ್ಟಿಯ ಕೆಲಸದಲ್ಲಿ ಕರ್ತವ್ಯಲೋಪ ಮಾಡಿದವರಿಗೆ ಚುನಾವಣಾ ಕಾಯ್ದೆಯಲ್ಲಿ ಮೂವತ್ತೆರಡನೇ ಸೆಕ್ಷನ್ ಇದೆ. ಕಡಿಮೆ ಎಂದರೆ ಮೂರು ತಿಂಗಳು, ಹೆಚ್ಚೆಂದರೆ ಎರಡು ವರ್ಷ. ನನ್ನ ಮೇಲೆ ಕೈಮಾಡಿದವನಿಗೂ ಹೆಚ್ಚೆಂದರೆ ಎರಡು ವರ್ಷ. ಆ ನೋಟಿಸನ್ನೂ ನನ್ನ ದೂರಿನ ಪ್ರತಿಯನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಓದಿದೆ.

ಆ ದಿನಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದವರು ಹೊಸದಾಗಿ ಬಂದ ತಹಸೀಲ್ದಾರರು. ನನ್ನ ಮಗಳ ವಯಸ್ಸಿನ ಹೆಣ್ಣುಮಗಳು. ನೋಟಿಸಿಗೆ ಉತ್ತರ ಕೊಡಲು ಹೋದಾಗ ನನ್ನನ್ನು ಕೂರಿಸಿ ಮೊದಲಿಂದ ಎಲ್ಲ ಕೇಳಿದರು. ಆಮೇಲೆ ಪುಸ್ತಕ ತೆಗೆದು ತೋರಿಸಿದರು.

"ಅಮ್ಮಾ, ಈ ಸೆಕ್ಷನ್ ನೋಡಿ ಹೆದರಬೇಡಿ. ಇದರ ಕೆಳಗೇ ಓದಿ. ಆಯೋಗದ ಅಥವಾ ಮುಖ್ಯ ಚುನಾವಣಾಧಿಕಾರಿಯ ಅಪ್ಪಣೆ ಇಲ್ಲದೆ ಯಾವ ಕೋರ್ಟೂ ನಿಮ್ಮ ಮೇಲೆ ಈ ಕೇಸು ತಗೊಳ್ಳೋ ಹಾಗಿಲ್ಲ. ಇದು ನಿಮ್ಮ ರಕ್ಷಣೆ."

"ಮೇಲೆ ಶಿಕ್ಷೆ, ಕೆಳಗೆ ರಕ್ಷಣೆನಾ ಮೇಡಂ?"

"ಹೌದು. ಒಂದೇ ಸೆಕ್ಷನ್." ಅವರಿಗೂ ನಗು ಬಂತು. "ಇನ್ನೊಂದು. ಒಂದು ವಾರದ ಗಡುವು ಕೊಟ್ಟ ಮೇಲೆ ಆ ವಾರದ ಏಳೂ ದಿನ ಡ್ಯೂಟಿನೇ. ದೂರು ನೀವು ಕೊಡೋದಲ್ಲ, ಕಚೇರಿ ಕೊಡಬೇಕು."

ಅವರೇ ದೂರು ಬರೆದು, ಸಹಿ ಹಾಕಿ, ಠಾಣೆಗೆ ಕಳಿಸಿದರು. ಎರಡು ದಿನದಲ್ಲಿ ಮೊಕದ್ದಮೆ ದಾಖಲಾಯಿತು. ಹೊಸಬರಿಗೆ ಇಷ್ಟನ್ನಂತೂ ಖಚಿತವಾಗಿ ಹೇಳಬಲ್ಲೆ: ನಿಮ್ಮ ದೂರನ್ನು ನಿಮ್ಮ ಮೇಲಿನವರಿಗೆ ಅದೇ ದಿನ ಬರವಣಿಗೆಯಲ್ಲಿ ಕೊಡಿ, ಸ್ವೀಕೃತಿ ಪಡೆಯಿರಿ. ಕಚೇರಿಯೇ ಮುಂದೆ ಬಂದು ನಿಂತರೆ ನೀವು ಒಂಟಿ ಅಲ್ಲ. ನಾನು ನಾಲ್ಕು ದಿನ ತಡ ಮಾಡಿದ್ದೆ.

ಕೆಳಗಲ ಬೀದಿಯವರ ಹೆಸರು ಉಳಿಯಿತು. ಮತದಾನದ ದಿನ ಮತಗಟ್ಟೆಯ ಹೊರಗೆ ನಾನು ಪಟ್ಟಿ ಹಿಡಿದು ಕೂತಿದ್ದೆ. ಎಲ್ಲರೂ ಬಂದರು, ಒಬ್ಬನನ್ನು ಬಿಟ್ಟು. ಮಲ್ಲೇಶ, ಕೆಂಪಮ್ಮಜ್ಜಿಯ ತಂಗಿಯ ಮೊಮ್ಮಗ. ಅವನು ಹೆಂಡತಿಯ ಊರು ಧನಗೆರೆಯಲ್ಲಿ ನೆಲೆನಿಂತು ಎರಡು ವರ್ಷವಾಗಿತ್ತು. ಅಲ್ಲಿಯ ಪಟ್ಟಿಯಲ್ಲೂ ಅವನ ಹೆಸರಿತ್ತು. ಶಿವಮಲ್ಲು ಕೊಟ್ಟ ಮೂವತ್ನಾಲ್ಕು ಅರ್ಜಿಗಳಲ್ಲಿ ಒಂದು ಸರಿಯಾಗಿತ್ತು.

"ಯಾಕಜ್ಜಿ, ಅವನೂ ಬರ್ತಾನೆ ಅಂದ್ಯಲ್ಲ?" ಎಂದು ಕೇಳಿದೆ.

"ಬತ್ತಾನೆ ಅಂತಲೇ ಅನ್ಕಂಡಿದ್ದೆ ಕಣವ್ವಾ. ಈಗ್ಲೂ ಅಂಗೇ ಅನ್ಕಂಡಿವ್ನಿ."

ಮನೆಯ ಮುಂದೆ ನಿಂತು ವಿಚಾರಿಸಿಯೇ ಬರೆದಿದ್ದೆ. ಆದರೂ ತಪ್ಪಾಗಿತ್ತು. ಅಷ್ಟು ಮಡಕೆಗಳಲ್ಲಿ ಅವನದೊಂದು ಇದೆಯೇ ಎಂದು ನಾನು ಎಣಿಸಿರಲಿಲ್ಲ. ನೋಟಿಸಿನ ವಿಚಾರ ಆ ಒಂದು ಹೆಸರಿಗಾಗಿ ನನಗೆ ಬಂದ ಎಚ್ಚರಿಕೆಯ ಮೆಮೊದಲ್ಲಿ ಮುಗಿಯಿತು. ನಾನು ಅದಕ್ಕೆ ಎದುರಾಡಲಿಲ್ಲ.

ವಿಚಾರಣೆ ಕೊಳ್ಳೇಗಾಲದ ಕೋರ್ಟಿನಲ್ಲಿ ಬರುವ ಹೊತ್ತಿಗೆ ನಾನು ನಿವೃತ್ತಳಾಗಿದ್ದೆ. ಅಷ್ಟರಲ್ಲಿ ಆ ತಹಸೀಲ್ದಾರರೂ ಬೇರೆ ಜಿಲ್ಲೆಗೆ ವರ್ಗವಾಗಿದ್ದರು. ಕಟಕಟೆಯಲ್ಲಿ ನಿಂತಾಗ ಎದುರಿನ ಬೆಂಚಿನ ಪಕ್ಕ ಶಿವಮಲ್ಲು ಕೈಕಟ್ಟಿ ನಿಂತಿದ್ದ. ತೆಳ್ಳಗಾಗಿದ್ದ. ಅವನ ವಕೀಲರು ಬಹಳ ಮರ್ಯಾದೆಯಿಂದ ಕೇಳಿದರು.

"ಮೇಡಂ, ನಿಮ್ಮಿಂದ ಅರ್ಜಿಗಳನ್ನ ಕಿತ್ತುಕೊಂಡರು ಅಂತೀರಲ್ಲ, ಆಮೇಲೆ ನೀವು ಏನು ಮಾಡಿದಿರಿ?"

"ಕ್ಯಾಲೆಂಡರ್ ಹಾಳೆಯ ಮೇಲೆ ಬರೆದೆ ಸಾರ್."

"ಎಷ್ಟು ಹೆಸರು?"

"ಎಲ್ಲಾ. ಮೂವತ್ನಾಲ್ಕು."

"ವರದಿ ಗಡುವಿನೊಳಗೆ ಕೊಟ್ಟಿರಾ?"

"ಕೊಟ್ಟೆ."

"ಹಾಗಾದರೆ ನಿಮ್ಮ ಕೆಲಸ ನಿಂತಿತೇ ಮೇಡಂ?"

ನಿಂತಿತು ಎಂದರೆ ಸುಳ್ಳು. ಕೆಲಸ ಬಿಟ್ಟುಬಂದೆ ಎಂದಾಗುತ್ತದೆ, ಅದು ಕರ್ತವ್ಯಲೋಪ. ನಿಲ್ಲಲಿಲ್ಲ ಎಂದರೆ ಅವನು ಅಡ್ಡಿಪಡಿಸಿದ್ದೆಲ್ಲಿ? ಮಕ್ಕಳಿಗೆ ನಾನು ಕೊಡುತ್ತಿದ್ದ, ಯಾವ ಕಡೆ ಗೆರೆ ಎಳೆದರೂ ತಪ್ಪಾಗುವ ಲೆಕ್ಕದ ಹಾಗಿತ್ತು ಅದು.

"ನಿಲ್ಲಲಿಲ್ಲ ಸಾರ್. ಆದರೆ ನಾನು ಬಿದ್ದೆ" ಎಂದೆ.

"ಬಿದ್ದಿರಿ, ಎದ್ದಿರಿ, ಕೆಲಸ ಮುಗಿಸಿದಿರಿ. ಸರಿ. ಆ ಮೂವತ್ನಾಲ್ಕರಲ್ಲಿ ನನ್ನ ಕಕ್ಷಿದಾರರು ಹೇಳಿದ್ದೇ ಸರಿಯಾದದ್ದು ಒಂದಾದರೂ ಇತ್ತೇ?"

"ಒಂದಿತ್ತು ಸಾರ್."

ಕೆಂಪಮ್ಮಜ್ಜಿಯೂ ಸಾಕ್ಷಿಗೆ ಬಂದಳು. ಬರುವುದಿಲ್ಲ, ಬಂದರೂ 'ನಾ ಕಂಡಿಲ್ಲ' ಎನ್ನುತ್ತಾಳೆ ಎಂದು ಎಲ್ಲರೂ ಹೇಳಿದ್ದರು. ಅದೇ ಊರಿನಲ್ಲಿ, ಅವನದೇ ಅಂಗಡಿಯ ಮುಂದೆ ಓಡಾಡಬೇಕಾದವಳು. ಆದರೆ ಅವಳು ಬಂದು, ಹೊಸ ಸೀರೆಯ ಸೆರಗು ಸರಿಮಾಡಿಕೊಂಡು, ಕಂಡದ್ದನ್ನೆಲ್ಲ ಹೇಳಿದಳು. ಚೀಲ ಕಿತ್ತದ್ದು, ನಾನು ಬಿದ್ದದ್ದು, ಕೀಲಿ ಎಸೆದದ್ದು. ನನಗೆ ಕಣ್ಣು ತುಂಬಿತು.

ವಕೀಲರು ಅವಳನ್ನೂ ಮರ್ಯಾದೆಯಿಂದಲೇ ಕೇಳಿದರು. "ಅಜ್ಜಿ, ಟೀಚರಮ್ಮ ಹೆದರಿಕೊಂಡ್ರಾ?"

"ಎದರದಾ?" ಅಜ್ಜಿ ಹೆಮ್ಮೆಯಿಂದ ನನ್ನ ಕಡೆ ನೋಡಿದಳು. "ಅವ್ವ ಒಸೀನೂ ಎದರ್ಲಿಲ್ಲ ಸಾಮಿ. ಇವ ಕಿತ್ಕಂಡೋದ್ರೂ ಗ್ಯಾನದಲ್ಲೇ ಅಷ್ಟೂ ಬರಕಂಡ್ಲು. ಅಂತಾ ಎಣ್ಮಗಳ ನಾ ಕಂಡೇ ಇಲ್ಲ."

ವಕೀಲರು ಕೂತುಕೊಂಡರು. ಮುಂದೆ ಕೇಳುವುದೇ ಇರಲಿಲ್ಲ: ನಾನು ಹೆದರಲೂ ಇಲ್ಲ, ಕೆಲಸ ನಿಲ್ಲಲೂ ಇಲ್ಲ ಎಂದು ನಮ್ಮ ಸಾಕ್ಷಿಯೇ ಹೇಳಿಯಾಗಿತ್ತು. ಸರ್ಕಾರಿ ವಕೀಲರು ತಲೆ ತಗ್ಗಿಸಿ ಫೈಲು ತಿರುವಿದರು. ಹೊರಗೆ ಬಂದ ಮೇಲೆ ಅಜ್ಜಿ ನನ್ನ ಕೈ ಹಿಡಿದು, "ಸರ್ಯಾಗೇಳಿದ್ನಾ ಅವ್ವಾ?" ಎಂದು ಕೇಳಿದಳು. "ಚೆನ್ನಾಗಿ ಹೇಳಿದೆ ಅಜ್ಜಿ" ಎಂದೆ. ಬೇರೇನು ಹೇಳಲಿ? ಅವಳು ಹೇಳಿದ್ದರಲ್ಲಿ ಒಂದೇ ಒಂದು ಮಾತು ಸುಳ್ಳಾಗಿತ್ತು. ನಾನು ಹೆದರಿದ್ದೆ.

ತೀರ್ಪಿನ ದಿನ ನಾನೂ ಹೋಗಿದ್ದೆ. ಕರ್ತವ್ಯಕ್ಕೆ ತಡೆಯೊಡ್ಡುವ ಉದ್ದೇಶದಿಂದಲೇ ಬಲಪ್ರಯೋಗ ನಡೆಯಿತು ಎಂಬುದು ಸಂಶಯಕ್ಕೆಡೆಯಿಲ್ಲದಂತೆ ಸಾಬೀತಾಗಿಲ್ಲ ಎಂದು ಶಿವಮಲ್ಲುವನ್ನು ಬಿಡುಗಡೆ ಮಾಡಿದರು. ಸರ್ಕಾರಿ ವಕೀಲರು ಮೆಟ್ಟಿಲ ಹತ್ತಿರ ಸಿಕ್ಕಿ, "ಮೇಲ್ಮನವಿಗೆ ಬರೀತೀನಿ ಮೇಡಂ" ಎಂದರು. ಆಮೇಲೆ ಮೆಲ್ಲಗೆ, "ನೀವು ಅವತ್ತು ಆ ಕೆಲಸ ಮುಗಿಸಬಾರದಿತ್ತು" ಎಂದರು.

ಆ ಮಾತಿನ ಜೊತೆ ನಾನು ಎಷ್ಟು ಸೆಣಸಿದ್ದೇನೆಂದು ಹೇಳಲಾರೆ. ಮುಗಿಸದಿದ್ದರೆ ಅವನಿಗೆ ಶಿಕ್ಷೆಯಾಗುತ್ತಿತ್ತೋ ಏನೋ. ಆದರೆ ಮೂವತ್ಮೂರು ಜನ ಮತಗಟ್ಟೆಯಿಂದ ವಾಪಸು ಹೋಗುತ್ತಿದ್ದರು. ಕಾನೂನು ಕಾಪಾಡಬೇಕಾದದ್ದು ನನ್ನನ್ನೋ ನನ್ನ ಕೆಲಸವನ್ನೋ? ನಾನು ಕೆಲಸವನ್ನು ಉಳಿಸಿಕೊಂಡೆ, ಅದಕ್ಕೇ ಕಾನೂನು ನನ್ನನ್ನು ಉಳಿಸಲಿಲ್ಲವೋ? ಅಥವಾ ಆ ತಹಸೀಲ್ದಾರರು ಪುಸ್ತಕ ತೆರೆದು ತೋರಿಸಿದ ದಿನವೇ ಅದು ನನ್ನನ್ನು ಉಳಿಸಿ ಆಗಿತ್ತೋ? ಮೊಕದ್ದಮೆ ದಾಖಲಾದ ಮೇಲೆ ಬೈಗುಳದ ಕರೆಗಳು ನಿಂತದ್ದಂತೂ ನಿಜ. ಅದಾದ ಮೇಲೂ ಎರಡು ವರ್ಷ ನಾನು ಅದೇ ಊರಿಗೆ ಹೋಗಿ ಬಂದೆ. ಯಾರೂ ಮುಟ್ಟಲಿಲ್ಲ.

ಕೋರ್ಟಿನ ಆವರಣದಲ್ಲಿ ಒಂದು ಹೊಂಗೆ ಮರವಿದೆ. ಅದರ ಕೆಳಗಿನ ಸಿಮೆಂಟು ಬೆಂಚಿನಲ್ಲಿ ಆಟೊಗೆ ಕಾಯುತ್ತ ಕೂತಿದ್ದೆ. ಯಾರೋ ಹತ್ತಿರ ಬಂದು ನಿಂತರು. ಶಿವಮಲ್ಲು. ಒಬ್ಬನೇ ಇದ್ದ. ನನ್ನ ಕೈ ತಾನಾಗಿಯೇ ವ್ಯಾನಿಟಿ ಬ್ಯಾಗನ್ನು ಎದೆಗೆ ಒತ್ತಿಕೊಂಡಿತು. ಅವನು ಅದನ್ನು ಕಂಡು ಎರಡು ಹೆಜ್ಜೆ ಹಿಂದಕ್ಕೆ ಸರಿದ.

"ಮೇಡಂ, ಒಂದ್ ಮಾತು ಕೇಳ್ಬೇಕಿತ್ತು."

ನಾನು ಗೇಟಿನ ಕಡೆ ನೋಡಿದೆ, ಆಟೊ ಇನ್ನೂ ಬಂದಿರಲಿಲ್ಲ.

"ನಮ್ ಸೊಸೆದು ಎಸ್ರು ಅವಳ ತವರೂರಲ್ಲೇ ಐತೆ. ನಮ್ಮೂರ್ಗೆ ಆಕ್ಸಬೇಕು. ನಿಮ್ ಜಾಗಕ್ಕೆ ಈಗ ಬಂದಿರೋರು ಮೂರ್ ಸಲ ವಾಪಸ್ ಮಾಡಿದ್ರು. ಆರ್ನೇ ನಮೂನೆ ತಂದಿವ್ನಿ, ತುಂಬಕ್ಕೆ ಬತ್ತಿಲ್ಲ."

ಕೋಪ ಬರಬೇಕಿತ್ತು. ಎಲ್ಲಿ ಹುಡುಕಿದರೂ ಸಿಗಲಿಲ್ಲ. "ಆರು ಅಲ್ಲ, ಎಂಟು" ಎಂದು ನನ್ನ ಬಾಯಿ ಹೇಳಿತು. "ಆರು ಹೊಸಬರಿಗೆ. ಇರೋ ಹೆಸರನ್ನ ವರ್ಗ ಮಾಡ್ಸೋಕೆ ಎಂಟು."

ಅವನು ಎದುರಿನ ಜೆರಾಕ್ಸ್ ಅಂಗಡಿಗೆ ಓಡಿಹೋಗಿ ಎಂಟನೇ ನಮೂನೆ ತಂದ. ಬೆಂಚಿನ ಆ ತುದಿಯಲ್ಲಿ ಅವನು, ಈ ತುದಿಯಲ್ಲಿ ನಾನು. ಅವನು ಹೇಳಿದ, ನಾನು ಬರೆದೆ. ಹೆಸರು, ಗಂಡನ ಹೆಸರು, ಗುರುತಿನ ಚೀಟಿಯ ನಂಬರು, ಹಳೆಯ ವಿಳಾಸ, ಹೊಸ ವಿಳಾಸ. ಆಟೊ ಬಂದು ಹಾರನ್ ಮಾಡಿತು. ಕಾಯಲು ಕೈ ತೋರಿಸಿದೆ. ಕೊನೆಗೆ ಸಹಿಯ ಜಾಗ ಬಂತು. ಅದರ ಮೇಲೆ ಸಣ್ಣ ಅಕ್ಷರದಲ್ಲಿ ಮುದ್ರಿಸಿದ, ಏಳನೇ ನಮೂನೆಯಲ್ಲೂ ಇರುವ ಘೋಷಣೆಯನ್ನು ಓದಿ ಹೇಳದೆ ನಾನು ಯಾರಿಗೂ ಅರ್ಜಿ ಕೊಟ್ಟವಳಲ್ಲ. ಬೆರಳಿಟ್ಟು ತೋರಿಸಿದೆ.

"ಇಲ್ಲಿ ನಿಮ್ಮ ಸೊಸೆ ಸಹಿ ಮಾಡ್ಬೇಕು. ಸುಳ್ಳು ಹೇಳಿಕೆ ಕೊಟ್ರೆ ಒಂದು ವರ್ಷದವರೆಗೂ ಜೈಲು ಅಂತ ಬರೆದಿದೆ. ಓದಿಸಿ ಹಾಕಿಸಿ."

ಶಿವಮಲ್ಲು ಆ ಸಾಲುಗಳ ಮೇಲೆ ಬೆರಳಾಡಿಸುತ್ತ ಓದಿದ. ಆಮೇಲೆ ತಲೆ ಎತ್ತಿ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದು, ಕೇಳಿದ:

"ನಿಜವಾಗ್ಲೂ ಆಕ್ತಾರಾ ಮೇಡಂ?"

"ಗೊತ್ತಿಲ್ಲ ಶಿವಮಲ್ಲಣ್ಣ. ಬರೆದಿದೆ" ಎಂದು ಹೇಳಿ ಆಟೊ ಹತ್ತಿದೆ.